ಹಳಿಗೆ ಕಿವಿಯಿಟ್ಟವರು

ಹಳಿಗೆ ಕಿವಿಯಿಟ್ಟು ರೈಲು ಬರುತ್ತಿದೆಯೋ ಇಲ್ಲವೋ ತಿಳಿದುಕೊಳ್ಳುವುದನ್ನು ನನ್ನ ಮಗಳಿಗೆ ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಬರೆಯುವಾಗ ಬೇರೆ ಯಾರ ಮೇಲಾದರೂ ತಪ್ಪು ಹೊರಿಸುವ ಆಸೆ ಬಂದುಬಿಡಬಹುದು.

ನಮ್ಮ ಮನೆ ಕೃಷ್ಣಮೂರ್ತಿಪುರಂನಲ್ಲಿ, ಚಾಮರಾಜನಗರದ ಕಡೆ ಹೋಗುವ ರೈಲು ಹಳಿಗೆ ಎರಡು ಬೀದಿ ಈಚೆ. ನಾನು ಹುಟ್ಟಿ ಬೆಳೆದದ್ದೂ ಅದೇ ಮನೆಯಲ್ಲಿ. ಮದುವೆಯಾದ ಮೇಲೆ ಕೆಲವು ವರ್ಷ ಕುಂಬಾರಕೊಪ್ಪಲಿನಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಜೊತೆ ಇರೋಣವೆಂದು ಗಂಡ, ಮಗಳ ಸಮೇತ ವಾಪಸು ಬಂದೆ.

ಶಾಲೆ ಇರುವುದು ಹಳಿಯ ಆಚೆ. ರೈಲ್ವೆ ಗೇಟಿನ ಕಡೆಯಿಂದ ಸುತ್ತಿ ಬಂದರೆ ಮಕ್ಕಳ ಕಾಲಿಗೆ ಇಪ್ಪತ್ತೈದು ನಿಮಿಷ. ನಮ್ಮ ಬೀದಿಯ ಕೊನೆಗೆ ಹೋಗಿ, ರೈಲ್ವೆ ಗೋಡೆ ಒಡೆದಿರುವ ಜಾಗದಲ್ಲಿ ನುಸುಳಿ ಹಳಿ ದಾಟಿದರೆ ಆರೇ ನಿಮಿಷ. ನಾನು ಚಿಕ್ಕವಳಾಗಿದ್ದಾಗಲೂ ಆ ಗೋಡೆ ಒಡೆದೇ ಇತ್ತು. ಆಗಾಗ ಮುಚ್ಚುತ್ತಿದ್ದರು, ಯಾರೋ ಮತ್ತೆ ಒಡೆಯುತ್ತಿದ್ದರು. ಹೂ ಮಾರುವವರು, ಹಾಲಿನವರು, ಕಾಲೇಜು ಹುಡುಗಿಯರು, ಎಲ್ಲರೂ ಅಲ್ಲೇ ದಾಟುತ್ತಿದ್ದರು. ನಾನೂ ಏಳು ವರ್ಷ ಅಲ್ಲೇ ದಾಟಿದೆ. ಆಗ ಆ ದಾರಿಯಲ್ಲಿ ದಿನಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಗಾಡಿಗಳು. ಬರುವ ಗಾಡಿ ಅರ್ಧ ಮೈಲಿ ಆಚೆಯಿಂದಲೇ ಗುಡುಗುತ್ತಾ, ಹೊಗೆ ಉಗುಳುತ್ತಾ ಬರುತ್ತಿತ್ತು.

ಹಳಿಗೆ ಕಿವಿಯಿಡುವುದನ್ನು ನನಗೆ ಕಲಿಸಿದ್ದು ನನ್ನ ತರಗತಿಯ ಒಬ್ಬ ಹುಡುಗಿ. ಒಂದು ಕಿವಿ ಕಬ್ಬಿಣಕ್ಕೆ ಒತ್ತಬೇಕು, ಇನ್ನೊಂದನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಬೇಕು, ಕಣ್ಣೂ ಮುಚ್ಚಬೇಕು. ಗಾಡಿ ದೂರದಲ್ಲಿದ್ದರೆ ಹಳಿಯೊಳಗೆ ಜೇನುನೊಣ ಸಿಕ್ಕಿಹಾಕಿಕೊಂಡ ಹಾಗೆ ಒಂದು ಝೇಂಕಾರ ಕೇಳುತ್ತದೆ. ಏನೂ ಕೇಳಿಸದಿದ್ದರೆ ದಾಟಬಹುದು. ಆ ಝೇಂಕಾರ ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ದಾಟುವ ಕೆಲಸವಿಲ್ಲದ ದಿನವೂ ಹೋಗಿ ಕೇಳಿಬರುತ್ತಿದ್ದೆ.

ನನ್ನ ಮಗಳಿಗೆ ಎಂಟು ತುಂಬಿದ ವರ್ಷ, ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ತೋರಿಸಿದೆ. ನಾನೇ ಮಂಡಿಯೂರಿ ಕೂತು ಕಿವಿಯಿಟ್ಟೆ. ಅವಳು ನನ್ನ ಎದುರಿಗೆ ಕೂತು ಕಿವಿಯಿಟ್ಟಳು. ಝೇಂಕಾರ ಶುರುವಾದಾಗ ಅವಳ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದ್ದು ಗೋಡೆಯ ಹತ್ತಿರ ಬಂದು ನಿಂತೆವು, ಗಾಡಿ ಹೋಯಿತು. "ಅಮ್ಮ, ನೀನು ಹೇಳಿದ ಹಂಗೇ ಬಂತಲ್ಲ!" ಎಂದು ಕುಣಿದಳು. ನನಗೂ ಹೆಮ್ಮೆಯಾಯಿತು. ಆಮೇಲೆ ಶಾಲೆಯಿಂದ ಒಬ್ಬಳೇ ಆ ದಾರಿಯಲ್ಲಿ ಬರಲು ಬಿಟ್ಟೆ. ಓಡಬೇಡ, ಕೇಳಿಸಿಕೊಂಡು ದಾಟು, ಅಷ್ಟೇ ಹೇಳಿದ್ದು.

ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದೇನೆ. ಕೈಗವಸು ಹಾಕದೆ ಯಾರಾದರೂ ಯಂತ್ರದ ಹತ್ತಿರ ಹೋದರೆ ಕೂಗಾಡುವವಳು ನಾನು. ಕನ್ನಡಕ ಹಾಕದ ಹೊಸಬರನ್ನು ವಾಪಸು ಕಳಿಸಿದ್ದೂ ಉಂಟು. ಆ ಎಚ್ಚರವೆಲ್ಲ ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಹಳಿ ನನ್ನ ಮಟ್ಟಿಗೆ ಹಿತ್ತಲಿದ್ದ ಹಾಗೆ. ಹಿತ್ತಲಿಗೆ ಯಾರಾದರೂ ಹೆದರುತ್ತಾರೆಯೇ?

ಕಳೆದ ಜೂನ್‌ನಲ್ಲಿ ಪಕ್ಕದ ಮನೆಯವರ ಮಗಳು ಅದೇ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದಳು. ಆರು ವರ್ಷದ ಮಗು, ಮಾತು ಜಾಸ್ತಿ, ಮುಂದಿನ ಎರಡು ಹಲ್ಲು ಬಿದ್ದಿತ್ತು. ಅವಳ ತಾಯಿ ನರ್ಸ್. ಆಕೆಯ ಗಂಡ ಸರಕು ಸಾಗಣೆಯ ಕೆಲಸದಲ್ಲಿ ವಾರಗಟ್ಟಲೆ ಹೊರಗಿರುತ್ತಿದ್ದ. ಒಂದು ಭಾನುವಾರ ಆಕೆ ಚರ್ಚಿನಿಂದ ಬಂದವರೇ ನಮ್ಮ ಮನೆಗೆ ಬಂದು ಕೇಳಿದರು.

"ಅಕ್ಕ, ನನ್ನ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ನಾನೇ ಬಿಡ್ತೀನಿ. ಸಾಯಂಕಾಲ ಇವಳು ನಿಮ್ಮ ಮಗಳ ಜೊತೆ ಬರ್ಲಾ? ನೀವಿದೀರಲ್ಲ, ನಂಗೆ ಧೈರ್ಯ."

"ಅದಕ್ಕೇನ್ರೀ, ಬರ್ಲಿ ಬಿಡಿ. ನಮ್ಮ ಮಗೂನೇ ಅಲ್ವಾ," ಎಂದೆ.

ಯಾವ ದಾರಿಯಲ್ಲಿ ಬರುತ್ತಾರೆ ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಅವರು ಗೇಟಿನ ದಾರಿ ಎಂದುಕೊಂಡಿದ್ದರು. ಅದು ನನಗೆ ಗೊತ್ತಿತ್ತು.

ಅಷ್ಟರೊಳಗೆ ಆ ಹಳಿ ನನ್ನ ಬಾಲ್ಯದ ಹಳಿಯಾಗಿ ಉಳಿದಿರಲಿಲ್ಲ. ಮೇಲೆ ವಿದ್ಯುತ್ ತಂತಿ ಬಂದಿತ್ತು. ಬೆಂಗಳೂರಿನ ಗಾಡಿಗಳು ಮೈಸೂರಿನಲ್ಲೇ ನಿಲ್ಲದೆ ಮುಂದೆ ಅಶೋಕಪುರಂವರೆಗೆ ಬರುತ್ತಿದ್ದವು. ಜನರಿಲ್ಲದ ಖಾಲಿ ಗಾಡಿಗಳನ್ನೂ ಹೊತ್ತಲ್ಲದ ಹೊತ್ತಿನಲ್ಲಿ ಆ ಕಡೆಗೂ ಈ ಕಡೆಗೂ ಎಳೆಯುತ್ತಿದ್ದರು. ಹೊಸ ಇಂಜಿನ್ನುಗಳು ಬಂದದ್ದು ಹತ್ತಿರವಾಗುವವರೆಗೂ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ದಿನಾ ನೋಡುತ್ತಲೇ ಇದ್ದೆ. ನೋಡಿಯೂ ಏನನ್ನೂ ಬದಲಾಯಿಸಲಿಲ್ಲ.

ಅದು ಆಗಸ್ಟ್ ತಿಂಗಳು. ನನಗೆ ಮೊದಲ ಪಾಳಿ ಇದ್ದ ವಾರ. ಮೂರು ಗಂಟೆಗೆ ಮನೆಗೆ ಬಂದು ಊಟ ಮುಗಿಸುವಷ್ಟರಲ್ಲಿ ಮೋಡ ಕವಿದು ಕತ್ತಲಾಯಿತು. ಮಕ್ಕಳ ಹತ್ತಿರ ಕೊಡೆ ಇರಲಿಲ್ಲ. ಎರಡು ಕೊಡೆ ಹಿಡಿದುಕೊಂಡು ಗೋಡೆಯ ಕಡೆಗೆ ಹೊರಟೆ. ಗೋಡೆ ಒಡೆದ ಜಾಗದಲ್ಲಿ ಸೀರೆ ಎತ್ತಿ ಹಿಡಿದು ಒಳಗೆ ಕಾಲಿಟ್ಟಾಗ ಅವರಿಬ್ಬರೂ ಕಾಣಿಸಿದರು.

ನನ್ನಿಂದ ನಲವತ್ತು ಹೆಜ್ಜೆ ದೂರ. ಆಚೆ ಕಡೆಯ ಹಳಿಯ ಹತ್ತಿರ ಇಬ್ಬರೂ ಎದುರು ಬದುರು ಕೂತಿದ್ದರು. ಬೆನ್ನ ಮೇಲೆ ಬ್ಯಾಗು. ಮಗಳು ಹಳಿಯ ಹೊರಗೆ ಜಲ್ಲಿಯ ಮೇಲೆ ಮಂಡಿಯೂರಿದ್ದಳು. ಚಿಕ್ಕವಳು ಎರಡು ಹಳಿಗಳ ಮಧ್ಯೆ. ಇಬ್ಬರ ತಲೆಯೂ ಕಬ್ಬಿಣದ ಮೇಲೆ. ನಾನು ಕಲಿಸಿದ ಹಾಗೆಯೇ ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು.

ಎಡಗಡೆ ತಿರುವಿನಲ್ಲಿ ಇಂಜಿನ್ ಆಗಲೇ ಬಂದುಬಿಟ್ಟಿತ್ತು.

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅವರಿಗೆ ಕೇಳಿಸುತ್ತಿಲ್ಲವೇ? ಆಮೇಲೆ ಚಿಕ್ಕವಳ ಮುಖ ಕಾಣಿಸಿತು. ನಗುತ್ತಿದ್ದಳು. ಕೇಳಿಸುತ್ತಿತ್ತು. ಚೆನ್ನಾಗಿಯೇ ಕೇಳಿಸುತ್ತಿತ್ತು. ಝೇಂಕಾರ ದೊಡ್ಡದಾಗುತ್ತಾ ಬರುವುದನ್ನು ಇಬ್ಬರೂ ಖುಷಿಯಿಂದ ಕೇಳುತ್ತಾ ಕೂತಿದ್ದರು. ನಾನು ಆ ಭಾನುವಾರ ಮಗಳಿಗೆ ಕೊಟ್ಟಿದ್ದು ಎಚ್ಚರಿಕೆಯಲ್ಲ, ಒಂದು ಆಟ.

ಇಂಜಿನ್ ಹಾರನ್ ಹೊಡೆಯಿತು. ನಾನು ಕೊಡೆ ಎಸೆದು ಓಡಿದೆ. ಬಾಯಿಂದ ಬಂದದ್ದು ನನ್ನ ಮಗಳ ಹೆಸರು. ಅವಳು ತಲೆ ಎತ್ತಿದಳು, ಗಾಡಿ ನೋಡಿದಳು, ಎದ್ದು ಹಿಂದಕ್ಕೆ ಹಾರಿದಳು. ಸರಿ, ಇವಳು ಉಳಿದಳು ಎಂದುಕೊಂಡೆ. ಚಿಕ್ಕವಳು ಅಲ್ಲಾಡಲಿಲ್ಲ. ಮುಚ್ಚಿಕೊಂಡ ಕಿವಿಗೆ ಹಾರನ್ ಎಷ್ಟು ಕೇಳಿಸಿತೋ, ಅದೂ ಆಟದ ಸದ್ದೇ ಎಂದುಕೊಂಡಳೋ.

ಮಗಳು ವಾಪಸು ಹಳಿಯ ಕಡೆ ಹೆಜ್ಜೆ ಇಟ್ಟಳು.

"ಬಿಟ್ಬುಡು!" ಎಂದು ಕಿರುಚಿದೆ. "ಅವಳನ್ನ ಬಿಟ್ಬುಡೇ! ಹಿಂದಕ್ಕೆ ಹೋಗು!"

ಅದು ನಾನೇ ಆಡಿದ ಮಾತು. ಯಾರೋ ಕೂಗಿದ ಹಾಗೆ ನನ್ನ ಕಿವಿಗೇ ಕೇಳಿಸಿತು.

ಮಗಳು ಬಗ್ಗಿ ಚಿಕ್ಕವಳ ಬ್ಯಾಗಿನ ಪಟ್ಟಿ ಹಿಡಿದಳು. ಒಂದು ಸಲ ಎಳೆದಳು, ಬರಲಿಲ್ಲ. ಕಾಲನ್ನು ಹಳಿಗೆ ಒತ್ತಿ ಇನ್ನೊಂದು ಸಲ ಎಳೆದಳು. ಬ್ರೇಕಿನ ಕಿರುಚಾಟದಲ್ಲಿ ನನ್ನ ದನಿ ನನಗೇ ಕೇಳಿಸದ ಹಾಗಾಯಿತು. ಇಬ್ಬರೂ ಹಿಂದಕ್ಕೆ ಬಿದ್ದದ್ದು ಕಂಡೆನೋ, ಹಾಗೆ ಅಂದುಕೊಂಡೆನೋ, ಇವತ್ತಿಗೂ ಹೇಳಲಾರೆ. ಅಷ್ಟರಲ್ಲಿ ಇಂಜಿನ್ ನಮ್ಮ ಮಧ್ಯೆ ಬಂದುಬಿಟ್ಟಿತು.

ಅದರ ಹಿಂದೆ ಡಬ್ಬಿಗಳು. ಕಿಟಕಿಗಳಲ್ಲಿ ಒಬ್ಬರೂ ಇರಲಿಲ್ಲ, ಖಾಲಿ ಗಾಡಿ. ಒಂದು, ಎರಡು, ಮೂರು ಡಬ್ಬಿ ಹೋದವು. ನಾಲ್ಕನೆಯದು ನಿಧಾನವಾಯಿತು. ಐದನೆಯದು ನನ್ನ ಎದುರಿಗೇ ನಿಂತಿತು. ಸದ್ದು ನಿಂತು ಒಮ್ಮೆಗೇ ಎಲ್ಲ ಮೌನವಾಯಿತು. ಆಚೆ ಕಡೆಯಿಂದ ಅಳುವೂ ಇಲ್ಲ, ಕೂಗೂ ಇಲ್ಲ.

ನಾನು ಡಬ್ಬಿಯ ಕೆಳಗೆ ತಲೆ ಹಾಕಿದೆ. ಒಂದು ಕೈ ಹಳಿಯ ಮೇಲಿತ್ತು, ಮಂಡಿಯನ್ನೂ ಒಳಗಿಡುತ್ತಿದ್ದೆ. ಯಾರೋ ಹಿಂದಿನಿಂದ ನನ್ನ ತೋಳು ಹಿಡಿದು ಎಳೆದು ಕೂರಿಸಿದರು. ಹಳಿ ಕೆಲಸದ ಗ್ಯಾಂಗ್‌ಮನ್, ವಯಸ್ಸಾದವರು, ಕಿತ್ತಲೆ ಬಣ್ಣದ ಅಂಗಿ. ಎಲ್ಲಿಂದ ಓಡಿ ಬಂದರೋ, ಏದುಸಿರು ಬಿಡುತ್ತಿದ್ದರು.

"ಏನ್ ಮಾಡ್ತಿದೀರಿ ಕಣಮ್ಮ? ಯಾವ ಗಳಿಗೇಲಿ ಹೊರಡುತ್ತೋ ಗೊತ್ತಾ ನಿಮಗೆ?"

"ಮಕ್ಕಳು. ಆ ಕಡೆ ಮಕ್ಕಳಿದಾರೆ."

"ಕೈ ತೆಗೀರಿ ಮೊದಲು. ಕೂತಲ್ಲಿಂದಾನೇ ನೋಡಿ. ಅಲ್ಲೇ ಬಗ್ಗಿ ನೋಡಿ."

ಅವರು ನನ್ನ ತೋಳು ಬಿಡಲಿಲ್ಲ. ನಾನು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿದೆ. ಚಕ್ರಗಳ ನಡುವೆ ಆಚೆಯ ಜಲ್ಲಿ ಕಾಣುತ್ತಿತ್ತು. ಹುಲ್ಲು, ಒಂದು ನೀರಿನ ಬಾಟಲಿ. ಆಮೇಲೆ ಒಂದು ಕಪ್ಪು ಶೂ. ಅದರ ಪಕ್ಕ ಇನ್ನೊಂದು. ಸ್ವಲ್ಪ ಆಚೆ ಚಿಕ್ಕವು ಎರಡು. ನಾಲ್ಕನ್ನೂ ಎಣಿಸಿದೆ. ಚಿಕ್ಕ ಶೂ ಒಂದು ಅಲ್ಲಾಡಿತು.

"ಮಾತಾಡ್ಸಿ, ಆದ್ರೆ ಕರೀಬೇಡಿ," ಎಂದರು ಆತ. "ಕರುದ್ರೆ ಅಡಿಯಿಂದ ನುಗ್ಗುಬುಡ್ತವೆ."

ಆ ಮಾತು ನನಗೆ ಹೊಳೆದಿರಲಿಲ್ಲ. ನಾನು "ಬಾ" ಎನ್ನುವುದರಲ್ಲಿದ್ದೆ.

"ಪುಟ್ಟಿ, ಅಲ್ಲೇ ಇರು! ಅಲ್ಲಾಡ್ಬೇಡ! ಅವಳ ಕೈ ಹಿಡ್ಕೊ! ಹಿಂದೆ ಹೋಗಿ ಗೋಡೆ ಹತ್ರ ನಿಂತ್ಕೊ!"

ಸ್ವಲ್ಪ ಹೊತ್ತಿನ ಮೇಲೆ "ಹೂಂ ಅಮ್ಮ" ಎಂದು ಕೇಳಿಸಿತು. ಶೂಗಳು ಹಿಂದಕ್ಕೆ ಸರಿದವು.

ಮುಂದೆ ಇಂಜಿನ್ನಿನ ಬಾಗಿಲಿನಿಂದ ಡ್ರೈವರ್ ಬಗ್ಗಿ ಕೈ ಆಡಿಸುತ್ತಿದ್ದರು. ಗ್ಯಾಂಗ್‌ಮನ್ ಎರಡೂ ಕೈ ಎತ್ತಿ ಏನೂ ಆಗಿಲ್ಲ ಎಂದು ಸನ್ನೆ ಮಾಡಿದರು. ಡ್ರೈವರ್ ತಲೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಹಾಗೇ ನಿಂತುಬಿಟ್ಟರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ತುಂಬ ಹೊತ್ತಾದ ಮೇಲೆ ಗಾಡಿ ಹೊರಟಿತು. ಉಳಿದ ಡಬ್ಬಿಗಳೆಲ್ಲ ಹೋಗುವವರೆಗೂ ಆ ಮನುಷ್ಯ ನನ್ನ ತೋಳು ಬಿಡಲಿಲ್ಲ.

ಆಚೆಯ ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ನಿಂತಿದ್ದರು. ಮಗಳ ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಚಿಕ್ಕವಳ ಕೆನ್ನೆಯಲ್ಲಿ ಜಲ್ಲಿಯ ಗುರುತು. ಹಳಿ ದಾಟಿ ಹೋಗಿ ಇಬ್ಬರನ್ನೂ ಅಪ್ಪಿಕೊಂಡೆ. ಚಿಕ್ಕವಳು ಅಷ್ಟು ಹೊತ್ತು ಅಳದೆ ಇದ್ದವಳು ಈಗ ಜೋರಾಗಿ ಅತ್ತಳು. "ಆಂಟಿ, ಅಕ್ಕ ನನ್ನ ಬೀಳಿಸ್ಬಿಟ್ಲು," ಎಂದು ದೂರು ಹೇಳಿದಳು.

ಗ್ಯಾಂಗ್‌ಮನ್ ನಾನು ಎಸೆದಿದ್ದ ಕೊಡೆಗಳನ್ನು ಎತ್ತಿ ತಂದುಕೊಟ್ಟರು. ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. "ನಾನು ಸುಮಾರು ನೋಡಿದೀನಿ ಕಣಮ್ಮ ಇಲ್ಲಿ," ಎಂದರು. "ನಿಮ್ಮಂಗೆ ಎಲ್ರೂ ಮನೇಗೆ ಕರ್ಕೊಂಡ್ ಹೋಗಿಲ್ಲ." ಅಷ್ಟು ಹೇಳಿ ಹಳಿಗುಂಟ ನಡೆದು ಹೋದರು. ನಾವು ಮೂವರೂ ಗೇಟಿನವರೆಗೆ ಮಳೆಯಲ್ಲಿ ನಡೆದೆವು. ಕೊಡೆ ಬಿಚ್ಚುವುದನ್ನು ಮರೆತಿದ್ದೆ.

ಆ ದಿನ ನರ್ಸ್ ಬರುವುದು ಆರು ಗಂಟೆಗೆ. ಎರಡು ಗಂಟೆ ಹೊತ್ತು ನಾನು ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಕೆನ್ನೆಯ ಗುರುತಿಗೆ ಆಟ ಆಡುವಾಗ ಬಿದ್ದಳು ಎಂದರೆ ಸಾಕಿತ್ತು. ಚಿಕ್ಕವಳು ಹೇಳಿದರೂ ಆರು ವರ್ಷದ ಮಗುವಿನ ಮಾತು. ಹಾಲು ಬಿಸಿ ಮಾಡಿ ಕೊಟ್ಟೆ, ಕೆನ್ನೆಗೆ ಅರಿಶಿನ ಹಚ್ಚಿದೆ. ಮಗಳು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ನರ್ಸ್ ಬಂದಾಗ ಬಾಗಿಲಲ್ಲೇ ಹೇಳಿದೆ. ಮಕ್ಕಳು ಹಳಿ ದಾಟುವಾಗ ಗಾಡಿ ಬಂತು, ಸ್ವಲ್ಪದರಲ್ಲಿ ಉಳಿದರು ಎಂದು. ಅವರು ಒಳಗೆ ಬಂದವರೇ ತಮ್ಮ ಮಗಳ ಬೆನ್ನಿಗೆ ಒಂದು ಏಟು ಹಾಕಿದರು.

"ಹಳಿ ಹತ್ರ ಯಾಕೆ ಹೋದೆ? ಯಾರು ಹೋಗು ಅಂದ್ರು ನಿಂಗೆ?"

ಎರಡನೇ ಏಟಿಗೆ ಕೈ ಎತ್ತಿದಾಗ ನಾನು ಅಡ್ಡ ಹೋದೆ.

"ಹೊಡೀಬೇಡ್ರೀ. ದಿನಾ ಅಲ್ಲೇ ಬರ್ತಿದ್ರು. ನಂಗೆ ಗೊತ್ತಿತ್ತು. ಹಳಿಗೆ ಕಿವಿ ಇಡೋದು ನನ್ನ ಮಗಳಿಗೆ ಕಲಿಸಿದ್ದು ನಾನು. ಅವಳು ಇವಳಿಗೆ ಕಲಿಸಿದ್ಲು."

ಅವರು ಎತ್ತಿದ ಕೈ ಇಳಿಸಿದರು. ಬೈದಿದ್ದರೆ ಚೆನ್ನಾಗಿತ್ತು. "ದಿನಾನಾ?" ಎಂದು ಮಾತ್ರ ಕೇಳಿದರು. ಹೌದು ಎಂದೆ. ತಮ್ಮ ಮಗಳ ಬ್ಯಾಗು ಎತ್ತಿಕೊಂಡು, ಅವಳನ್ನು ಸೊಂಟಕ್ಕೆ ಹಾಕಿಕೊಂಡು ಹೊರಟರು. ನಮ್ಮ ಮನೆಯ ಗೇಟು ದಾಟುವಾಗ ತಿರುಗಿ, "ನಾಳೆಯಿಂದ ನಾನು ನೋಡ್ಕೋತೀನಿ," ಎಂದರು. ಅಕ್ಕ ಎನ್ನಲಿಲ್ಲ.

ನನ್ನ ಗಂಡ ಎಲ್ಲ ಕೇಳಿ ಮಗಳ ಪಕ್ಕ ಹೋಗಿ ಕೂತರು. ಮರುದಿನ ನಾನು ರಜೆ ಹಾಕಿದೆ. ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದಾಗ ಅವಳು ಮುಖ ತಿರುಗಿಸದೆ ಕೇಳಿದಳು.

"ಅಮ್ಮ, ನಿನ್ನೆ ನೀನು 'ಬಿಟ್ಬುಡು' ಅಂದ್ಯಾ?"

ಬ್ಯಾಗು ಬಿಟ್ಟುಬಿಡು ಎಂದೆ ಕಣೇ ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಹೂಂ. ಅಂದೆ."

"ಅವಳನ್ನಾ?"

"ಅವಳನ್ನೇ. ನಂಗೆ ಆಗ ನೀನೊಬ್ಬಳೇ ಕಾಣಿಸಿದ್ದು. ಅದು ತಪ್ಪು. ನೀನು ಮಾಡಿದ್ದೂ ಇನ್ಯಾವತ್ತೂ ಮಾಡೋ ಹಂಗೆ ಆಗಬಾರದು. ಅಲ್ಲಿಗೆ ನಿಮ್ಮಿಬ್ಬರನ್ನ ಕಳಿಸಿದ್ದು ನಾನು."

"ಅವಳು ಚಿಕ್ಕವಳು ಅಲ್ವಾ ಅಮ್ಮ," ಎಂದಳು. ನನಗೆ ಜಡೆ ಮುಗಿಸಲು ಆಗಲಿಲ್ಲ.

ಇದನ್ನೆಲ್ಲ ಒಳಕೋಣೆಯಿಂದ ಕೇಳುತ್ತಿದ್ದ ನನ್ನ ಅಮ್ಮ ಬಂದು ಮೊಮ್ಮಗಳ ಜಡೆ ಮುಗಿಸಿದಳು. ಅವಳು ಹೊರಗೆ ಹೋದ ಮೇಲೆ ಅಮ್ಮ ಹೇಳಿದಳು. "ನೀನು ಚಿಕ್ಕವಳಿದ್ದಾಗ ಅಲ್ಲಿ ದಾಟ್ತಿದ್ದಿದ್ದು ನಂಗೆ ಗೊತ್ತಿರಲಿಲ್ಲ ಅಂದ್ಕೊಂಡಿದೀಯಾ? ದಿನಾ ಮಹಡಿ ಹತ್ತಿ ನಿಂತ್ಕೋತಿದ್ದೆ. ನೀನು ದಾಟಿ ಈ ಕಡೆ ಗೋಡೆ ನುಸುಳೋವರ್ಗೂ ಕೆಳಗೆ ಇಳೀತಿರಲಿಲ್ಲ. ಬೇಡ ಅಂದ್ರೆ ನೀನು ಕೇಳೋಳಲ್ಲ, ನಾನೇ ಕರ್ಕೊಂಡು ಬರೋಣ ಅಂದ್ರೆ ನಿನ್ನ ತಮ್ಮ ಕೈಗೂಸು. ಮಹಡಿ ಮೇಲೆ ನಿಂತು ಏನ್ ಮಾಡೋಕಾಗ್ತಿತ್ತೋ ದೇವರಿಗೇ ಗೊತ್ತು. ಆದ್ರೂ ನಿಲ್ತಿದ್ದೆ."

ಏಳು ವರ್ಷ ನನ್ನ ಕಿವಿಯೇ ನನ್ನನ್ನು ಕಾಪಾಡಿತೆಂದು ನಂಬಿದ್ದೆ. ಮಹಡಿಯ ಮೇಲೆ ಒಬ್ಬಳು ಉಸಿರು ಹಿಡಿದು ನಿಂತಿರುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಈಗ ಮಹಡಿ ಹತ್ತಿದರೂ ಹಳಿ ಕಾಣಿಸುವುದಿಲ್ಲ, ಮಧ್ಯೆ ಮೂರಂತಸ್ತಿನ ಮನೆ ಎದ್ದಿದೆ.

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಕಾರ್ಖಾನೆಯಲ್ಲಿ ಕೇಳಿಕೊಂಡು ಶಾಶ್ವತವಾಗಿ ಮೊದಲ ಪಾಳಿ ತೆಗೆದುಕೊಂಡೆ. ಮೂರೂವರೆಗೆ ಶಾಲೆಯ ಬಾಗಿಲಲ್ಲಿ ನಿಂತು ಮಗಳನ್ನು ಗೇಟಿನ ದಾರಿಯಲ್ಲಿ ಕರೆತರತೊಡಗಿದೆ. ನಮ್ಮ ಬೀದಿಯ ಬೇರೆ ಮಕ್ಕಳೂ ಗೋಡೆ ನುಸುಳಿಯೇ ಬರುತ್ತಿದ್ದರು. ಅವರ ಮನೆಗಳಿಗೂ ಹೋದೆ. ಆದದ್ದನ್ನು ಹೇಳಿದೆ. ಕೆಲವರು ಕೇಳಿದರು. ಒಬ್ಬರು, "ನಾವೂ ಇಷ್ಟು ವರ್ಷದಿಂದ ದಾಟ್ತಿದೀವಿ, ಏನಾಗಿದೆ ಹೇಳಿ," ಎಂದರು. ಎರಡು ತಿಂಗಳ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ, ಅದಕ್ಕೇ ಜಗಳ ಆಡಲು ಆಗಲಿಲ್ಲ. "ಬೇಡ, ಆದ್ರೂ ನನ್ನ ಜೊತೆ ಕಳಿಸಿ," ಎಂದೆ. ಮೊದಲ ವಾರ ಮೂವರು, ದಸರಾ ರಜೆ ಕಳೆದ ಮೇಲೆ ಏಳು ಜನ ಆದರು.

ನರ್ಸ್ ಒಬ್ಬ ಆಟೋದವರನ್ನು ಗೊತ್ತು ಮಾಡಿದ್ದರು. ಎದುರು ಸಿಕ್ಕರೆ ತಲೆ ಬಾಗಿಸಿ ಹೋಗುತ್ತಿದ್ದರು. ನಾನೂ ಮಾತಾಡಿಸುವ ಧೈರ್ಯ ಮಾಡಲಿಲ್ಲ. ಆದರೆ ಕ್ರಿಸ್‌ಮಸ್ ದಿನ ಚಿಕ್ಕವಳು ಕಲ್‌ಕಲ್ ಎಂಬ ಸಿಹಿ ತಿಂಡಿಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಹಿಂದೆ ಅವಳ ತಾಯಿ. ಒಳಗೆ ಬಂದು ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು.

"ನಾನೂ ಕೇಳಬೇಕಿತ್ತು ಅಕ್ಕ, ಯಾವ ದಾರೀಲಿ ಬರ್ತಾರೆ ಅಂತ. ಎರಡು ತಿಂಗಳು ಒಂದು ದಿನಾನೂ ಕೇಳಲಿಲ್ಲ."

"ಹೇಳಬೇಕಾಗಿದ್ದು ನಾನು," ಎಂದೆ.

ನಾನು ಕೂಗಿದ ಮಾತನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ನನ್ನ ಮನಸ್ಸು ಹಗುರಾಗಬಹುದು, ಅವರದು ಭಾರವಾಗುತ್ತದೆ. ಇದು ಅವರ ಕೈಗೆ ಸಿಕ್ಕಿ ಓದಿದರೆ ಓದಲಿ.

ಜನವರಿಯಿಂದ ಚಿಕ್ಕವಳು ಮತ್ತೆ ನಮ್ಮ ಜೊತೆ ನಡೆಯುತ್ತಿದ್ದಾಳೆ. ಗೇಟು ಬಿದ್ದಿದ್ದರೆ ಎಂಟು ಮಕ್ಕಳನ್ನೂ ಅಂಗಡಿಯ ಜಗಲಿಗೆ ಹತ್ತಿಸಿ ನಿಲ್ಲಿಸುತ್ತೇನೆ. ಮೊನ್ನೆ ಒಬ್ಬರು ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಸ್ಕೂಟರನ್ನು ಓರೆ ಮಾಡಿ ಗೇಟಿನ ಕೆಳಗೆ ನುಗ್ಗಿಸುತ್ತಿದ್ದರು. "ಸ್ವಾಮಿ, ಮಗು ಇದೆ," ಎಂದೆ. "ಗಾಡಿ ಇನ್ನೂ ದೂರ ಇದೆ ಕಣ್ರೀ," ಎಂದು ದಾಟಿಯೇ ಹೋದರು. ಆ ಮಗು ಹಿಂತಿರುಗಿ ನಮ್ಮನ್ನು ನೋಡಿತು.

ಗಾಡಿ ಬಂದು ಹೋಗುವವರೆಗೆ ನಾನು ಮಕ್ಕಳ ತಲೆ ಎಣಿಸುತ್ತಲೇ ಇದ್ದೆ. ಮಗಳು ನನ್ನ ಪಕ್ಕ ನಿಂತು ನೋಡುತ್ತಿದ್ದಳು. "ಮುಂದಿನ ವರ್ಷ ಐದನೇ ಕ್ಲಾಸು. ಆಗ ಇವರನ್ನೆಲ್ಲ ನಾನೇ ಕರ್ಕೊಂಡ್ ಬರ್ತೀನಿ, ನೀನು ಮನೇಲಿ ರೆಸ್ಟ್ ತಗೊ," ಎಂದಳು.

"ಬೇಡ. ನಾನೇ ಬರ್ತೀನಿ," ಎಂದೆ.

ಗೇಟು ಎದ್ದಿತು. ಎರಡೂ ಕಡೆ ನೋಡಿ, ಅವರನ್ನು ಸಾಲಾಗಿ ದಾಟಿಸಿದೆ.